ನೀರು ಕುಡಿಸದ ನವಿಲು

ಕೆಂಚನಗುಡ್ಡದ ಹೊಳೆದಂಡೆಯಿಂದ ನಾವು ತರಿಸುವ ಮಣ್ಣಿನಲ್ಲಿ ಸುಣ್ಣದ ಹರಳಿರುತ್ತದೆ. ಎಷ್ಟು ಸೋಸಿದರೂ ಸಾಸಿವೆಯಷ್ಟು ಉಳಿದೇ ಉಳಿಯುತ್ತದೆ. ಸಿರುಗುಪ್ಪದ ನಮ್ಮ ಅತ್ತೆ, ಅಪ್ಪನ ಅಕ್ಕ, ಅದಕ್ಕೊಂದು ಉಪಾಯ ಇಟ್ಟುಕೊಂಡಿದ್ದಳು. ಮಣ್ಣು ಸುಡುವ ಆವಿಗೆಯಿಂದ ತೆಗೆದ ಸಾಮಾನು ಇನ್ನೂ ಬೆಚ್ಚಗಿರುವಾಗಲೇ ಬಾನಿಯ ನೀರಿನಲ್ಲಿ ಮುಳುಗಿಸಿಬಿಡುವುದು. ಸುಟ್ಟ ಮಣ್ಣು ಚುಂಯ್ ಎಂದು ಗುಳ್ಳೆ ಬಿಡುತ್ತ ನೀರು ಎಳೆದುಕೊಳ್ಳುತ್ತಿತ್ತು. ಅದಕ್ಕವಳು ‘ನೀರು ಕುಡಿಸೋದು’ ಎನ್ನುತ್ತಿದ್ದಳು, ಕೂಸಿಗೋ ಕರುವಿಗೋ ಕುಡಿಸುವ ಹಾಗೆ. ಕುಡಿಸದಿದ್ದರೆ ಒಳಗಿನ ಸುಣ್ಣ ಗಾಳಿಯ ತೇವವನ್ನೇ ಹೀರಿ, ಎಂಟು ಹತ್ತು ದಿನದ ಮೇಲೆ ಉಬ್ಬಿ, ಮೇಲಿನ ಚಕ್ಕೆ ಹಾರಿಸುತ್ತದೆ.

ಬಳ್ಳಾರಿಯಲ್ಲಿ ನಾನು ಮಣ್ಣಿನ ಜುಮುಕಿ, ಸರ, ಗೋಡೆಗೆ ಹಚ್ಚುವ ಚಿತ್ತಾರದ ಟೈಲ್ಸ್ ಮಾಡಿ ಮಾರಲು ಶುರುಮಾಡಿದ್ದು ಅವಳನ್ನೇ ನಂಬಿಕೊಂಡು. ಮಣ್ಣು ಸೋಸುವುದು ಅವಳು, ಸುಡುವುದು ಅವಳ ಹಿತ್ತಲಿನಲ್ಲಿ. ಅಚ್ಚು, ಬಣ್ಣ, ಫೋನಿನ ಫೋಟೋ ನನ್ನವು. ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಮಣ್ಣಿನ ಬಗ್ಗಡ ಸೋಸುತ್ತ ಅವಳು ಊರ ಕಥೆಯನ್ನೆಲ್ಲ ಹೇಳುವಳು. ನನ್ನ ಬಾಯಲ್ಲಿರುವ ಅರ್ಧ ಮಾತು ಆ ಬಾನಿಯ ಪಕ್ಕದಲ್ಲಿ ಕಲಿತದ್ದು. ಮಾವ ಹೋದ ಮೇಲೆ ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಆ ಸೋಸುವ ಕೈಗೆ ಮಾತ್ರ ಮರ್ಯಾದೆ ಉಳಿದಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಕುರುಗೋಡಿನ ಒಬ್ಬ ಅಕ್ಕನವರು ಹೊಸ ಮನೆಯ ಬಾಗಿಲ ಸುತ್ತ ನವಿಲಿನ ಟೈಲ್ಸ್ ಬೇಕೆಂದರು. ತಾವು ಹಾಕಿಕೊಳ್ಳಲು ಅದೇ ನವಿಲಿನ ಜುಮುಕಿ ಬೇರೆ. ಗೃಹಪ್ರವೇಶಕ್ಕೆ ಮೊದಲೇ ತಂದುಕೊಡುತ್ತೇನೆಂದು ನಾನು ಜಂಬದಿಂದ ಒಪ್ಪಿಕೊಂಡೆ. ಆವಿಗೆ ಬಿಚ್ಚುವ ಹೊತ್ತಿಗೆ ಒಂದೇ ದಿನ ಉಳಿದಿತ್ತು. ನೀರು ಕುಡಿದ ಮಣ್ಣು ಒಣಗಲು ಎರಡು ದಿನ ಬೇಕು. ಹಸಿ ಮೈಗೆ ಬಣ್ಣ ಹಿಡಿಯುವುದಿಲ್ಲ. ಅತ್ತೆ ಕರೂರಿನಲ್ಲಿ ಯಾರೋ ತೀರಿಕೊಂಡರೆಂದು ಮಣ್ಣಿಗೆ ಹೋಗಿದ್ದಳು. ಒಂದು ಸಲಕ್ಕೆ ಏನಾದೀತು ಎಂದುಕೊಂಡು ಒಣ ಮೈಗೇ ಬಣ್ಣ ಬಳಿದೆ.

ಗೃಹಪ್ರವೇಶದ ದಿನ ಬಂದವರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಹತ್ತು ದಿನ ಕಳೆದ ಮೇಲೆ ಆ ಅಕ್ಕನವರೇ ಸಿರುಗುಪ್ಪಕ್ಕೆ ಬಂದರು. ಅತ್ತೆ, ನಾನು ಇಬ್ಬರೂ ಹಿತ್ತಲಲ್ಲಿದ್ದೆವು. ಜುಮುಕಿಯನ್ನು ಅಂಗೈಯಲ್ಲಿಟ್ಟು ತೋರಿಸಿದರು. ಮೈತುಂಬ ಗುಳಿ, ಗುಳಿಯ ನಡುವೆ ಬಿಳಿ ಚುಕ್ಕೆ.

“ನಿಮ್ಮ ನವಿಲಿಗೆ ದಡಾರ ಎದ್ದೈತ್ರಿ,” ಎಂದರು. “ಬಾಗಲ ತುಂಬ ಹಿಂಗ ಆಗೇತಿ. ಬೀಗರು ನಗಾಕತ್ಯಾರ.” ಆಮೇಲೆ ಅತ್ತೆಯ ಕಡೆ ನೋಡಿದರು. “ಅಮ್ಮಾರಿಗೆ ವಯಸ್ಸಾತು. ಕಣ್ಣು ಕಾಣದವರ ಕೈಲೆ ಮಣ್ಣು ಸೋಸಿಸಿದ್ರ ಇನ್ನೇನಾಗತೈತಿ.”

ಅತ್ತೆ ಜುಮುಕಿ ಇಸಿದುಕೊಂಡು ಬೆರಳಿನಿಂದ ಸವರಿದಳು. ನನ್ನನ್ನು ಕೇಳಿದಳು, “ನೀರು ಕುಡಿಸಿದ್ದಿ ಏನವ್ವ?”

“ಕುಡಿಸಿದ್ದೆ, ಅತ್ತಿ.”

ಅಷ್ಟು ಸಾಕಾಯಿತು ಅವಳಿಗೆ. ಮತ್ತೆ ಕೇಳಲಿಲ್ಲ. ಅಕ್ಕನವರ ಕಡೆ ತಿರುಗಿ, “ಹಂಗಾರ ನಂದ ತಪ್ಪು ಐತ್ರಿ,” ಎಂದಳು. “ಹರಳು ನನ್ನ ಕಣ್ಣಿಗೆ ಬಿದ್ದಿಲ್ಲ.”

ಬೇರೆ ಟೈಲ್ಸ್ ಮಾಡಿಕೊಟ್ಟೆ. ಮಣ್ಣು ಅದೇ, ಅತ್ತೆ ಸೋಸಿಟ್ಟು ಉಳಿದಿದ್ದದ್ದು. ಈ ಸಲ ಒಂದೊಂದನ್ನೂ ಬಾನಿಯಲ್ಲಿ ಮುಳುಗಿಸಿದೆ. ಒಂದು ಚುಕ್ಕೆಯೂ ಏಳಲಿಲ್ಲ. ಈ ಸಲದ ಮಣ್ಣು ಯಾರು ಸೋಸಿದ್ದು ಎಂದು ಅತ್ತೆ ಕೇಳಿದಾಗ, ಹೊಸದಾಗಿ ನಾನೇ ಸೋಸಿದೆ ಎಂದೆ. ಒಂದು ಸುಳ್ಳನ್ನು ಕಾಪಾಡಲು ಇನ್ನೊಂದು. ಮರುದಿನ ಅವಳು ಆ ಸೋಸುವ ಸೀರೆಯನ್ನು ಒಗೆದು, ಒಣಗಿಸಿ, ಮಡಚಿ ನನ್ನ ಕೈಗಿಟ್ಟಳು.

ಈಗ ಸೋಸುವವಳು ನಾನೇ. ಅವಳಷ್ಟು ನುಣ್ಣಗೆ ನನಗೆ ಬರುವುದಿಲ್ಲ. ಅವಳು ಹಿತ್ತಲ ಬಾಗಿಲಲ್ಲಿ ಕೂತು ನೋಡುತ್ತಿರುತ್ತಾಳೆ, ಮಣ್ಣಿಗೆ ಕೈ ಹಾಕುವುದಿಲ್ಲ, ಕಥೆಯನ್ನೂ ಹೇಳುವುದಿಲ್ಲ. ಹೇಳಿಬಿಡಬೇಕೆಂದು ಎಷ್ಟೋ ಸಲ ಎದುರು ಕೂತಿದ್ದೇನೆ. ಚಹಾ ಕುಡಿದು ಎದ್ದು ಬಂದಿದ್ದೇನೆ. ಯಾರಾದರೂ ಟೈಲ್ಸ್ ನೋಡಲು ಬಂದರೆ ಅವರು ಕೇಳುವ ಮೊದಲೇ ಅವಳು ಹೇಳುತ್ತಾಳೆ:

“ಅಂಜಬ್ಯಾಡ್ರಿ, ಮಣ್ಣು ನಾ ಸೋಸಿಲ್ಲ.”

ಬಂದವರು ನಗುತ್ತಾರೆ. ನಾನು ಟೈಲ್ಸುಗಳನ್ನು ಕಾಗದದಲ್ಲಿ ಸುತ್ತಿ ಕೊಡುತ್ತೇನೆ.