ಕ್ಯಾರಿಯರ್ ಮೇಲಿನ ನನ್ನ ಜಾಗ

ಸೀಮೆಎಣ್ಣೆ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಮೊನ್ನೆ ಅಡುಗೆಮನೆಯನ್ನೆಲ್ಲ ಮೂಸಿ ನೋಡಿದೆ. ಸೀಮೆಎಣ್ಣೆ ಸ್ಟವ್ ಈ ಮನೆ ಬಿಟ್ಟು ಎಷ್ಟೋ ಕಾಲವಾಯಿತು. ಬಾಲ್ಕನಿಯಿಂದ ಬಗ್ಗಿದರೆ, ಕೆಳಗೆ ಪಾರ್ಕಿಂಗಿನಲ್ಲಿ ನಮ್ಮ ಲಾಸ್ಯ, ಮೊಮ್ಮಕ್ಕಳಲ್ಲಿ ನಿಮ್ಮೆಲ್ಲರಿಗಿಂತ ದೊಡ್ಡವಳು, ನಿಮ್ಮ ತಾತನ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಸೀಮೆಎಣ್ಣೆ ಬಟ್ಟೆಯಿಂದ ತುಕ್ಕು ಉಜ್ಜುತ್ತಿದ್ದಳು.

"ಅಮ್ಮಮ್ಮಾ, ಇದಕ್ಕೆ ಮೋಟಾರ್ ಹಾಕಿಸ್ತೀನಿ! ಕಾಲೇಜಿಗೆ ಇದರಲ್ಲೇ ಹೋಗೋದು!"

ಸರಿ ಎಂದೆ. ನಾನು ಎಲ್ಲದಕ್ಕೂ ಸರಿ ಎನ್ನುವವಳೇ. ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆದಾಗ ನನ್ನ ದನಿ ಅವರಿಗೆ ಕೇಳಿಸದೆ, ಎದುರಿಗೇ ಕೂತಿದ್ದವಳಿಗೆ ಎಷ್ಟೋ ದಿನ ಗೈರುಹಾಜರಿ ಬಿದ್ದಿದೆ. ಮಕ್ಕಳೇ, ಬರೆಯುವಾಗ ಮಾತ್ರ ನಾನು ವಾಚಾಳಿ. ನಿಮಗೆ ಕನ್ನಡ ಓದುವುದು ತಡವಾದರೆ ನಿಮ್ಮಮ್ಮ ಓದಿ ಹೇಳಲಿ.

ಮದುವೆಯಾಗಿ ತಿಪಟೂರಿನ ಕಡೆಯಿಂದ ನೇರ ವಿಜಯವಾಡಕ್ಕೆ ಬಂದೆ. ತಾತ ಅಲ್ಲಿ ಬ್ಯಾಂಕಿನಲ್ಲಿದ್ದರು. ಆ ಊರಿನ ಸೆಕೆ ನಿಮಗೆ ಗೊತ್ತೇ ಇದೆ. ಸಂಜೆಯಾದರೆ ಸಾಕು, "ಬಾರೇ, ಗಾಳಿಗೆ ಹೋಗೋಣ" ಎಂದು ಸೈಕಲ್ ತೆಗೆಯುತ್ತಿದ್ದರು. ಕಾಲುವೆ ದಂಡೆಯ ರಸ್ತೆ, ಅಂಗೈಯಷ್ಟು ಸಮ. ಆದರೆ ನಿಂತ ಸೈಕಲ್ ಮೇಲೆ ಹೆಂಡತಿ ಕುಳಿತರೆ ಗಂಡನಿಗೆ ಹೊರಡುವುದೇ ಕಷ್ಟ. ಅವರು ಮೊದಲು ತುಳಿಯುತ್ತ ಹೊರಡಬೇಕು, ನಾನು ಸೆರಗು ಸಿಕ್ಕಿಸಿ ಹಿಂದೆ ಓಡಿ, ಒಂದೇ ನೆಗೆತಕ್ಕೆ ಕ್ಯಾರಿಯರ್ ಮೇಲೆ ಕೂರಬೇಕು. ಈಗ ಬಾತ್‌ರೂಮಿನ ಮೆಟ್ಟಿಲು ಹತ್ತಲು ಗೋಡೆ ಹಿಡಿಯುವವಳು ಆಗ ಅಷ್ಟು ಮಾಡುತ್ತಿದ್ದೆ!

ಒಂದು ಸಂಜೆ ಓಡುವಾಗ ಚಪ್ಪಲಿ ಕಿತ್ತುಹೋಯಿತು. ನಾನು ನಿಂತೆ, ಅವರು ಹೋದರು. ಬೀದಿಯಲ್ಲಿ ಗಂಡನನ್ನು ಕೂಗುವುದು ಹೇಗೆ? ಚಪ್ಪಲಿ ಹಿಡಿದು ತಿರುವಿನಲ್ಲೇ ನಿಂತಿದ್ದೆ. ಅವರು ಮ್ಯಾನೇಜರನ್ನು ಬೈಯುತ್ತ, ಹಿಂದೆ ಕೂತಿದ್ದೇನೆಂದುಕೊಂಡು ನನಗೆ ಎಲ್ಲ ವಿವರಿಸುತ್ತ, ಕಾಲುವೆ ಸೇತುವೆಯವರೆಗೆ ಒಬ್ಬರೇ ಹೋಗಿದ್ದರು. ಆಗ ನಾನು ಕಡ್ಡಿಯಂತಿದ್ದೆ. ಇದ್ದರೂ ಇಲ್ಲದಿದ್ದರೂ ಸೈಕಲ್ಲಿಗೆ ಅಷ್ಟು ವ್ಯತ್ಯಾಸವಿರಲಿಲ್ಲವೇನೋ.

ತಿರುಗಿ ಬಂದವರು ರೇಗಿದರು: "ಬಾಯಿಲ್ವೇನೇ ನಿಂಗೆ? ಎಲ್ರೂ ನನ್ನ ಹುಚ್ಚ ಅಂದ್ಕೊಂಡ್ರು!"

"ಕೂಗಿದ್ನಲ್ಲ."

"ಯಾರಿಗೆ ಕೇಳಿಸ್ತು?"

"ನನಗೆ ಕೇಳಿಸ್ತು."

ಸೈಕಲ್ಲಿಗೆ ಒರಗಿಕೊಂಡು ನಕ್ಕರು. ಅಂದಿನಿಂದ ಒಂದು ಕಟ್ಟುಪಾಡಾಯಿತು. ಕುಳಿತ ಕೂಡಲೇ ನಾನು ಬಳೆಯಿಂದ ಕ್ಯಾರಿಯರಿನ ಸರಳಿಗೆ ಒಮ್ಮೆ ತಟ್ಟಬೇಕು: ಕೂತಿದ್ದೇನೆ. ಎರಡು ಸಲ ತಟ್ಟಿದರೆ: ನಿಲ್ಲಿಸಿ.

ಆಮೇಲೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಇಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ಏರು. ಬೀಚಿನಿಂದ ಕಾಲೋನಿಗೆ ಬರುವ ಏರಿನಲ್ಲಿ ಅವರ ಬೆನ್ನಿನ ಅಂಗಿ ತೊಯ್ದುಹೋಗುತ್ತಿತ್ತು. ಉಸಿರು ಕಟ್ಟಿದರೂ ಇಳಿ ಎನ್ನುವವರಲ್ಲ. ಹಾಗಾಗಿ ಏರಿನ ಬುಡದಲ್ಲೇ ನಾನು ಎರಡು ಸಲ ತಟ್ಟುತ್ತಿದ್ದೆ. "ಕಾಲು ಜೋಮು ಹಿಡೀತು ರೀ, ನಡೀತೀನಿ." "ನಿನ್ನದೊಂದು ಯಾವಾಗಲೂ" ಎಂದು ಗೊಣಗಿ, ಬೇಗ ಇಳಿದುಬಿಡುತ್ತಿದ್ದರು. ಸ್ಕೂಟರ್ ಬಂದ ಮೇಲೆ ಸೈಕಲ್ ಮೂಲೆ ಸೇರಿತು. ಅವರು ಹೋದ ಮೇಲೂ ಅಲ್ಲೇ ಇತ್ತು.

ಮೊನ್ನೆಯ ಸಂಗತಿಗೆ ಬರುತ್ತೇನೆ. ಮೆಕ್ಯಾನಿಕ್ ಸತ್ಯಂ ಬಂದಿದ್ದ. ಹಿಂದಿನ ಚಕ್ರ ಕಳಚಿ, ಹೊಟ್ಟೆಯಲ್ಲೇ ಮೋಟಾರ್ ಇರುವ ಹೊಸ ಚಕ್ರ ಕೂರಿಸಿದ್ದ. ಬಲಗಡೆಯ ಹಿಡಿ ತಿರುಗಿಸಿದರೆ ಚಕ್ರ ತಿರುಗುತ್ತಿತ್ತು. ನಾನು ಸ್ಟೀಲ್ ಲೋಟಗಳಲ್ಲಿ ಟೀ ತಂದಾಗ ಅವನು ಕ್ಯಾರಿಯರಿಗೆ ಸ್ಪ್ಯಾನರ್ ಹಾಕುತ್ತಿದ್ದ.

"ಹೊಸ ಚಕ್ರದ ಅಚ್ಚು ದಪ್ಪ, ಕ್ಯಾರಿಯರ್ ಕಾಲು ಇದಕ್ಕೆ ಹಿಡಿಸಲ್ಲ. ತೀಸೇದ್ದಾಂ ಅಮ್ಮಾ" ಎಂದ.

"ತೆಗೆದುಬಿಡಿ ಅಂಕಲ್, ಅಲ್ಲಿ ಬ್ಯಾಟರಿ ಇಡೋಣ" ಎಂದಳು ಲಾಸ್ಯ.

ಮೊದಲ ನಟ್ಟು ಬಿಚ್ಚಿ ನೆಲಕ್ಕೆ ಬಿತ್ತು. ಬಗ್ಗಿ, ನಾನು ಕುಡಿದು ಮುಗಿಸಿದ್ದ ಖಾಲಿ ಲೋಟದಿಂದ ಸರಳಿಗೆ ಎರಡು ಸಲ ತಟ್ಟಿದೆ. ಇಬ್ಬರೂ ನನ್ನನ್ನೇ ನೋಡಿದರು. ಅರ್ಥ ತಿಳಿದಿದ್ದವರು ಅಲ್ಲಿರಲಿಲ್ಲ. ಬಾಯಿ ಬಿಡದೆ ಗತ್ಯಂತರವಿರಲಿಲ್ಲ.

"ನಿಲ್ಸಿ. ಅದು ನನ್ನ ಜಾಗ."

ದನಿ ಎಷ್ಟು ಜೋರಾಗಿತ್ತೆಂದರೆ ವಾಚ್‌ಮನ್ ಇಣುಕಿದ. ಲಾಸ್ಯಳ ಕೈಯಲ್ಲಿದ್ದ ಬಟ್ಟೆ ಜಾರಿತು. ಆಮೇಲೆ ಚಪ್ಪಲಿ, ಸೇತುವೆ, ಬಳೆ ಎಲ್ಲ ಹೇಳಿದೆ. ಅವರಿಬ್ಬರ ಟೀ ತಣ್ಣಗಾಯಿತು. ಸತ್ಯಂ ನಗುತ್ತ ಡ್ರಿಲ್ ತೆಗೆದು, ಕ್ಯಾರಿಯರ್ ಕಾಲುಗಳ ತೂತನ್ನು ದೊಡ್ಡದು ಮಾಡಿದ. ಬ್ಯಾಟರಿಯನ್ನು ಫ್ರೇಮಿನ ನಡುವೆ ಕಟ್ಟಿದ. "ಅಮ್ಮಗಾರು, ನಿಮ್ಮ ಸೀಟು ರಿಸರ್ವ್" ಎಂದ.

ಇವತ್ತು ಬೆಳಿಗ್ಗೆ ಲಾಸ್ಯ ನನ್ನನ್ನು ಬೀಚಿಗೆ ಕರೆದೊಯ್ದಳು. ಓಡಿ ಹತ್ತುವ ಕಾಟವಿಲ್ಲ. ನಿಂತ ಸೈಕಲ್ ಮೇಲೆ ರಾಣಿಯ ಹಾಗೆ ಕುಳಿತೆ. ಕೈಯಲ್ಲಿ ಬಳೆಯಿಲ್ಲ, ಮನೆಯ ಬೀಗದಕೈಯಿಂದ ಒಮ್ಮೆ ತಟ್ಟಿದೆ. ವಾಪಸು ಬರುವಾಗ ಆ ಏರು ಎದುರಾಯಿತು. ನನ್ನ ಕೈ ತಾನಾಗಿ ಎದ್ದಿತು. ಸೈಕಲ್ ಮೆಲ್ಲಗೆ ಗುಂಯ್‌ಗುಡುತ್ತ ಹತ್ತುತ್ತಲೇ ಇತ್ತು. ಲಾಸ್ಯಳ ಬೆನ್ನು ಒಣಗಿಯೇ ಇತ್ತು. ಕೈ ಇಳಿಸಿದೆ. ತಾತ ಇಲ್ಲಿ ಇಳಿದು ತಳ್ಳುತ್ತಿದ್ದರು ಕಣೇ ಎಂದು ಶುರುಮಾಡಿದವಳು, ಮ್ಯಾನೇಜರನ ಕಥೆಯನ್ನೂ ಕಾಲುವೆಯ ಗಾಳಿಯನ್ನೂ ಏರಿನುದ್ದಕ್ಕೂ ಹೇಳುತ್ತಲೇ ಹೋದೆ.

"ಅಮ್ಮಮ್ಮಾ, ಸ್ವಲ್ಪ ಸುಮ್ನಿರು! ಹಿಂದೆ ಬಸ್ ಬರ್ತಿದೆ!"

ಸರಳಿಗೆ ಒಮ್ಮೆ ತಟ್ಟಿ, ಮಾತು ಮುಂದುವರಿಸಿದೆ.