ನಮ್ಮವರು ಸ್ತರಭಂಗ ಕಲಿತದ್ದು

ನಮ್ಮವರ ಹೆಸರು ಸಂಪತ್ಕುಮಾರ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎನ್ನುತ್ತಿದ್ದರು ನಮ್ಮ ಅತ್ತೆ. ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಎದುರು ನಮ್ಮ ಅಯ್ಯಂಗಾರ್ ಬೇಕರಿಯ ಬೋರ್ಡಿನ ಮೇಲೆ ಅದನ್ನು ಅಷ್ಟು ದಪ್ಪಗೆ ಬರೆಸಿಟ್ಟಿರುವಾಗ ನಾನೊಬ್ಬಳು ಬಾಯಿ ಮುಚ್ಚಿಕೊಂಡು ಏನಾಗಬೇಕು! ಏಳನೇ ಕ್ಲಾಸಿಗೆ ಓದು ಬಿಟ್ಟು ಹಿಟ್ಟು ನಾದಲು ನಿಂತ ಮನುಷ್ಯ. ಕೋಪ ಮೂಗಿನ ತುದಿಯಲ್ಲಿ. ಕೈಯಲ್ಲಿ ಮಾಡಿದ ಬನ್ನು ಮಾತ್ರ ಬೆಣ್ಣೆ, ಅದರ ಜಂಬವೂ ಬೇಕಾದಷ್ಟಿದೆ.

ಮಗಳು ಹಂಸ ಹಾಸನದಲ್ಲಿ ಭೂವಿಜ್ಞಾನ ಓದುತ್ತಾಳೆ. ಕೊನೆಯ ವರ್ಷದ ಮಕ್ಕಳು ತಾವು ಮಾಡಿದ ಕೆಲಸವನ್ನು ಸಭೆಯಲ್ಲಿ ವಿವರಿಸುತ್ತಾರೆ, ತಂದೆತಾಯಿಯರೂ ಬನ್ನಿ ಎಂದು ಹೋದ ತಿಂಗಳು ಕಾಲೇಜಿನಿಂದ ಆಹ್ವಾನ ಬಂತು. ಅವಳ ವಿಷಯ ನುಗ್ಗೇಹಳ್ಳಿ ಕಡೆಯ ಬಂಡೆಗಳಲ್ಲಿ ‘ವಿಲೋಮ ಸ್ತರಭಂಗ’. ಅದನ್ನು ಬಾಯಿಪಾಠ ಮಾಡುವುದಕ್ಕೇ ನಮಗೆ ಒಂದು ಹೊತ್ತು ಹಿಡಿಯಿತು.

ಅಂಗಡಿಗೆ ದಿನಾ ಟೀ ಕುಡಿಯಲು ಬರುವ ನಂಜಪ್ಪ ಅವತ್ತೇ ಕೇಳಬೇಕೆ?

“ಏನ್ ಸ್ವಾಮಿ, ಮಗ್ಳು ಏನ್ ಓದ್ತಾವ್ಳೆ?”

“ಕಲ್ಲಿನ ವಿಷಯ,” ಎಂದರು ಇವರು.

“ಕಲ್ಲಲ್ಲಿ ಓದಾಕೇನೈತೆ ಸ್ವಾಮಿ? ನಮ್ಮೊಲದಾಗೆ ಬೇಕಾದಂಗೆ ಬಿದ್ದವೆ, ಕಳ್ಸಿ!”

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಇವರು ಮುಖ ಊದಿಸಿಕೊಂಡು ಮನೆಗೆ ಬಂದರು. “ಗೋದಾ, ಮಗಳು ಸಭೇಲಿ ಮಾತಾಡ್ತಾ ಇರೋವಾಗ ನಾನು ಕಲ್ಲುಕಂಬದ ಹಾಗೆ ಕೂತಿರಲಾ? ಆ ಪದ ಏನೂಂತ ಅರ್ಥ ಆಗದೆ ನಾನು ಹಾಸನಕ್ಕೆ ಬರೋಲ್ಲ, ಅಷ್ಟೇ.” ಹಟ ಹಿಡಿದರೆ ಬ್ರಹ್ಮ ಬಂದರೂ ಕೇಳುವವರಲ್ಲ. ಅಪ್ಪ ಬರದಿದ್ದರೆ ಮಗು ಎಷ್ಟು ನೊಂದುಕೊಳ್ಳುತ್ತದೆ ಎಂದು ನಾನೇ ಅವಳಿಗೆ ಫೋನ್ ಮಾಡಿ, ಬಂದು ಇವರಿಗೆ ತಿಳಿಸಿ ಹೇಳು ಎಂದೆ.

ಭಾನುವಾರ ಹಂಸ ಊರಿಗೆ ಬಂದಳು. ನಮ್ಮಲ್ಲಿ ಮಕ್ಕಳು ಅಪ್ಪನನ್ನು ಅಣ್ಣ ಎಂದೇ ಕರೆಯುವುದು. “ಅಣ್ಣಾ, ಸ್ತರ ಅಂದ್ರೆ ಪದರ. ಕಲ್ಲಿನ ಪದರಗಳು ಓರೆಯಾಗಿ ಸೀಳಿ ಒಂದು ತುಂಡು ಜರುಗಿದ್ರೆ ಅದೇ ಸ್ತರಭಂಗ. ಎರಡು ಕಡೆಯಿಂದ ಎಳೆದ್ರೆ ಮೇಲಿನ ತುಂಡು ಕೆಳಗೆ ಜಾರತ್ತೆ. ಎರಡು ಕಡೆಯಿಂದ ಒತ್ತಿದ್ರೆ ಅದೇ ತುಂಡು ಮೇಲಕ್ಕೆ ಏರತ್ತೆ. ಹಾಗೆ ಏರಿದ್ದಕ್ಕೆ ವಿಲೋಮ ಅಂತೀವಿ.”

ಇವರು ಕಣ್ಣು ಕಣ್ಣು ಬಿಟ್ಟರು.

“ಪದರದ ಕೇಕ್ ಇದ್ರೆ ತನ್ನಿ, ತೋರಿಸ್ತೀನಿ. ನಿನ್ನೆ ಮಾಡಿದ್ದಾದ್ರೆ ಇನ್ನೂ ಒಳ್ಳೇದು,” ಎಂದಳು.

ಬಂತಲ್ಲ ಕೋಪ! “ನಿನ್ನೇದಾ? ದಾರೀಲಿ ಹೋಗೋರಿಗೂ ನಾನು ನಿನ್ನೇದು ಕೊಟ್ಟೋನಲ್ಲ, ನನ್ನ ಮಗಳಿಗೆ ಕೊಡ್ತೀನಾ?” ಎಂದು ಎದ್ದು ಹೋಗಿ, ನಡುನಡುವೆ ಜಾಮ್ ಸವರಿ, ಜೇನುಪಾಕ ಕುಡಿಸಿ, ಹೊಸ ಹನಿ ಕೇಕನ್ನೇ ಮಾಡಿ ತಂದರು. ಹಂಸ ಓರೆಯಾಗಿ ಕೊಯ್ದು, ಎರಡೂ ಕಡೆಯಿಂದ ಒತ್ತಿ ಎಂದಳು. ಒತ್ತಿದರು. ಕೊಯ್ದ ಜಾಗ ಅಂಟಿಕೊಂಡು ಕೇಕು ನಡುವೆ ಉಬ್ಬಿಕೊಂಡಿತು. ಹತ್ತು ಬೆರಳಿಗೂ ಜಾಮ್.

“ಏರಿತಾ?” ಎಂದರು, ಪಾಪ.

ಹಂಸ ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟಳು. “ಇಲ್ಲ ಅಣ್ಣಾ, ಇದು ಬರೀ ಮಡಿಕೆ. ಮೆತ್ತಗಿದ್ರೆ ಮಡಿಚಿಕೊಳ್ಳತ್ತೆ, ಗಟ್ಟಿ ಇದ್ರೇನೇ ಮುರಿದು ಜರುಗೋದು.”

“ನಿಮ್ಮ ಜಂಬಕ್ಕೆ ಸರಿಯಾಯ್ತು,” ಎಂದು ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆದರೂ ಮಿಕ್ಕ ಅರ್ಧ ಕೇಕನ್ನು ಇವರ ಕಣ್ಣು ತಪ್ಪಿಸಿ, ಮುಚ್ಚದೆ ಗಾಳಿಗೆ ಇಟ್ಟೆ. ಬೆಳಿಗ್ಗೆ ಹೊತ್ತಿಗೆ ಅದು ಒಣಗಿ ಬಿರುಸಾಗಿತ್ತು. ಬೈದುಕೊಂಡೇ ಕೊಯ್ದರು, ಬೈದುಕೊಂಡೇ ಒತ್ತಿದರು. ಮೇಲಿನ ತುಂಡು ಓರೆಯ ಮೇಲೆ ನಿಧಾನವಾಗಿ ಹತ್ತಿತು. ಜಾಮಿನ ಕೆಂಪು ಗೆರೆ ತುಂಡಾಗಿ, ಮೇಲಿನ ಗೆರೆಯ ತುದಿ ಕೆಳಗಿನ ಗೆರೆಯ ಮೇಲೆ ಚಾಚಿ ನಿಂತಿತು. ಇವರ ಬೈಗುಳವೂ ನಿಂತಿತು.

“ಗೋದಾ! ಏರ್ತಾ ಇದೆ ಕಣೇ! ಬಾರೇ ಇಲ್ಲಿ!”

ಎಳೆದರು, ಒತ್ತಿದರು, ಮತ್ತೆ ಎಳೆದರು. ಕೇಕು ಪುಡಿಪುಡಿಯಾಗುವವರೆಗೂ ಬಿಡಲಿಲ್ಲ. ಆ ಖುಷಿಯಲ್ಲಿ ಅವತ್ತು ಅಂಗಡಿಯ ಬಾಗಿಲು ತೆಗೆದದ್ದೇ ತಡವಾಗಿ.

ಹಾಸನದ ಸಭೆಯಲ್ಲಿ ಹಂಸ ಇಂಗ್ಲಿಷಿನಲ್ಲಿ ಮಾತಾಡಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ, ಚಂದ ಕಂಡಳು ಎನ್ನುವುದಷ್ಟೇ ತಿಳಿಯಿತು. ಮುಗಿದ ಮೇಲೆ ಪ್ರಾಧ್ಯಾಪಕರು ಯಾರಾದರೂ ಪ್ರಶ್ನೆ ಕೇಳಬಹುದು ಎಂದರು. ನನ್ನ ಪಕ್ಕದ ಕುರ್ಚಿ ಕಿರ್ರೆಂದಿತು. ಅಯ್ಯೋ ರಾಮ, ಇವರು ಎದ್ದು ನಿಂತಿದ್ದಾರೆ! “ಕೂತ್ಕೊಳ್ರೀ,” ಎಂದು ಪಂಚೆ ಜಗ್ಗಿದೆ. ಕೇಳಬೇಕಲ್ಲ.

“ನಮಸ್ಕಾರ. ನಾನು ಇವಳ ತಂದೆ. ಹಾಗೆ ಏರಿ ಕೂತ ಕಡೆ ಮೇಲಿಂದ ನೆಟ್ಟಗೆ ಬೋರ್ ಕೊರೆದ್ರೆ, ಒಂದೇ ಪದರ ಎರಡು ಸಲ ಸಿಗಬೇಕಲ್ಲವಾ?”

ಹಂಸ ಮೈಕ್ ಪಕ್ಕಕ್ಕಿಟ್ಟು, “ಸಿಗತ್ತೆ ಅಣ್ಣಾ! ಹಾಗೆ ಎರಡು ಸಲ ಸಿಕ್ಕಿದ್ರೇನೇ ಒಳಗೆ ಏನೋ ಏರಿದೆ ಅಂತ ನಮಗೆ ಅನುಮಾನ ಬರೋದು,” ಎಂದು ಬೋರ್ಡಿನ ಹತ್ತಿರ ಹೋಗಿ ಚಿತ್ರ ಬರೆದಳು. ದೊಡ್ಡವರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರೂ ಅವಳು ಅಪ್ಪನೊಬ್ಬನಿಗೇ ಕನ್ನಡದಲ್ಲಿ ಹೇಳುತ್ತಾ ಹೋದಳು. ಅಪ್ಪ ಮಗಳು ಓದಿನ ಮಾತು ಆಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸಂತೋಷಕ್ಕೆ ನನ್ನ ಕಣ್ಣು ತುಂಬಿ ಬಂತು.

“ಅರ್ಥ ಆಯ್ತಾ ಅಣ್ಣಾ?” ಎಂದಳು ಕೊನೆಗೆ.

“ಆಯ್ತು,” ಎಂದರು. ಕೂರಲಿಲ್ಲ. “ಇನ್ನೊಂದು ಕೇಳಲಾ?”