ಜೀವ ಐತೆ ಅಂದವನು ನಾನೇ

ಜಯಾ, ದೋಷ ನಿನ್ನಲ್ಲಿರಲಿಲ್ಲ. ನಿನ್ನ ಗಂಡ ಮುನಿರಾಜುವಿನಲ್ಲಿತ್ತು. ಅದು ನನಗೆ ಗೊತ್ತಿತ್ತು — ಹಿರಿಯರು ಪಂಚಾಯ್ತಿ ಸೇರುವುದಕ್ಕೆ ನಾಲ್ಕು ದಿನ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನಿನ್ನ ಬಾಳು ಹಾಳಾದದ್ದು ಯಾವ ದೇವರ ಶಾಪದಿಂದಲೂ ಅಲ್ಲ, ನಿನ್ನ ದೊಡ್ಡಪ್ಪನ ಮಗನಾದ ನನ್ನಿಂದ.

ಸುತ್ತಿ ಬಳಸಿ ಹೇಳಲು ಹೋದರೆ ಮತ್ತೆ ಜಾರಿಕೊಳ್ಳುತ್ತೇನೆ. ಜಾರಿಕೊಳ್ಳುವುದರಲ್ಲಿ ನಾನು ಪಳಗಿದವನು.

ಅರವತ್ತರ ದಶಕದ ಮೊದಲ ವರ್ಷಗಳವು. ಹೆಬ್ಬಾಳದ ಕಡೆ ಹೋರಿಗಳ ವೀರ್ಯ ಪರೀಕ್ಷಿಸುವ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಸಹಾಯಕನಾಗಿದ್ದೆ. ಸೂಕ್ಷ್ಮದರ್ಶಕದಡಿ ಒಂದು ತೊಟ್ಟಿಟ್ಟು ನೋಡುವುದು, ಹುರುಪಾಗಿ ಓಡಾಡುವುದನ್ನು ಇಟ್ಟುಕೊಂಡು ಉಳಿದದ್ದನ್ನು ಚೆಲ್ಲುವುದು ನನ್ನ ಕೆಲಸ. ಊರಿನಲ್ಲಿ ನನ್ನನ್ನು ಅರ್ಧ ಡಾಕ್ಟರ್ ಎನ್ನುತ್ತಿದ್ದರು, ನಾನೂ ಬೇಡವೆನ್ನುತ್ತಿರಲಿಲ್ಲ. ಕೊಡಿಗೇಹಳ್ಳಿಯ ಮುನಿರಾಜು ನನ್ನ ಜೊತೆ ಓದಿದವನು. ನಿನ್ನನ್ನು ಅವನಿಗೆ ತೋರಿಸಿ ಮದುವೆ ಕುದುರಿಸಿದವನೂ ನಾನೇ. ಹುಡುಗನಿಗೆ ಸದಾ ನೆಗಡಿ, ಕೆಮ್ಮು ಎಂದು ನಿಮ್ಮಪ್ಪ ಅನುಮಾನಿಸಿದಾಗ, ಥಂಡಿ ಹಿಡಿಯುವುದೂ ಒಂದು ರೋಗವೇನು ಎಂದು ನಕ್ಕಿದ್ದೆ.

ಆರು ವರ್ಷವಾದರೂ ಮಕ್ಕಳಾಗಲಿಲ್ಲ. ನಿನ್ನ ಅತ್ತೆ ಹೊರಿಸದ ಹರಕೆಯಿಲ್ಲ, ಕುಡಿಸದ ಕಷಾಯವಿಲ್ಲ. ಒಂದು ಬೆಳಿಗ್ಗೆ ಮುನಿರಾಜು ಲ್ಯಾಬಿಗೆ ಬಂದ. ಪುಟ್ಟ ಸೀಸೆಯೊಂದನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದಿದ್ದ — ಬೆಚ್ಚಗಿರಲಿ ಎಂದು ನಾನೇ ಹೇಳಿಕೊಟ್ಟಿದ್ದೆ.

ನೋಡಿದೆ. ರಾಶಿ ರಾಶಿ ಇದ್ದವು. ಒಂದೂ ಅಲ್ಲಾಡಲಿಲ್ಲ. ಗಾಜು ತಣ್ಣಗಿತ್ತೇನೋ ಎಂದು ಬಿಸಿ ಮಾಡಿ ಇನ್ನೊಂದು ತೊಟ್ಟಿಟ್ಟೆ. ಅದೇ ಕಥೆ. ಸತ್ತಿವೆಯೇ? ಹೋರಿಗಳದ್ದಕ್ಕೆ ಹಾಕುವ ಕೆಂಪು ಬಣ್ಣ ಹಾಕಿದೆ. ಸತ್ತವು ಬಣ್ಣ ಕುಡಿದು ಕೆಂಪಾಗುತ್ತವೆ, ಬದುಕಿರುವವು ಬೆಳ್ಳಗೇ ಉಳಿಯುತ್ತವೆ. ಇವು ಹೆಚ್ಚಿನಂಶ ಬೆಳ್ಳಗಿದ್ದವು. ಬದುಕಿದ್ದವು — ಬಾಲ ಮಾತ್ರ ಕಡ್ಡಿಯಂತೆ ನೆಟ್ಟಗೆ. ಕಪ್ಪೆಯ ಅಂಗುಳಿನ ಮೇಲೆ ಬೆಂಡಿನ ಚೂರಿಟ್ಟರೆ, ಅಲ್ಲಿಯ ಕಣ್ಣಿಗೆ ಕಾಣದ ರೋಮಗಳು, ಸಿಲಿಯಾ ಎನ್ನುತ್ತಾರೆ, ಬೀಸಿ ಬೀಸಿ ಅದನ್ನು ಗಂಟಲಿನ ಕಡೆ ಸಾಗಿಸುತ್ತವೆ. ನೋಡಲು ಬಂದ ಹುಡುಗರಿಗೆ ಅದನ್ನು ಎಷ್ಟೋ ಸಲ ತೋರಿಸಿದ್ದೆ. ಕಪ್ಪೆ ಸತ್ತು ಬಹಳ ಹೊತ್ತಾದ ಮೇಲೂ ಅವು ನಿಲ್ಲುವುದಿಲ್ಲ. ವೀರ್ಯಾಣುವಿನ ಬಾಲವೂ ಅಂಥದ್ದೇ ಒಂದು ಉದ್ದನೆಯ ರೋಮ. ಸತ್ತ ಕಪ್ಪೆಯಲ್ಲೂ ಬೀಸುವಂಥದ್ದು ಬದುಕಿರುವ ಗಂಡಸಿನಲ್ಲಿ ನಿಂತೇ ಬಿಟ್ಟಿತ್ತು.

ಹೊರಗೆ ಬೆಂಚಿನ ಮೇಲೆ ಅವನು ಕೆಮ್ಮುತ್ತ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಆ ಮುಖ ನೋಡಿ ನನಗೆ — ಇಲ್ಲ, ಅವನ ಮುಖದ ಮೇಲೆ ಹೊರಿಸಬಾರದು. ಈ ಸಂಬಂಧ ತಂದವನು ನಾನು, ಊರು ನನ್ನನ್ನು ಏನನ್ನುತ್ತದೋ ಎಂಬ ಹೆದರಿಕೆಯೇ ಮೊದಲು ಬಂದದ್ದು.

“ಜೀವ ಐತೆ ಕಣೋ,” ಎಂದೆ.

ಅಷ್ಟೇ. ಸುಳ್ಳಲ್ಲ. ಅವನು ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟ. ಜೀವ ಐತೆ ಎಂದರೆ ಎಲ್ಲ ಸರಿಯಿದೆ ಎಂದೇ ಅವನಿಗೆ ಕೇಳಿಸುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತನ್ನು ಆರಿಸಿಕೊಂಡೆ.

ನಾಲ್ಕನೇ ದಿನ ಅವರ ಮನೆಯ ಜಗಲಿಯ ಮೇಲೆ, ಮುನಿರಾಜುವಿಗೆ ಇನ್ನೊಂದು ಮದುವೆ ಮಾಡುವ ಮಾತೆತ್ತಿ ಹಿರಿಯರು ಕೂತರು. ಎರಡನೇ ಮದುವೆ ಕಾಯಿದೆಗೆ ವಿರುದ್ಧ ಎಂದು ಒಬ್ಬರು ಗೊಣಗಿದರು. ಹೆಣ್ಣಿನ ಕಡೆಯವರೇ ಒಪ್ಪಿದರೆ ಎಲ್ಲಿಯ ಕಾಯಿದೆ ಎಂದರು ಉಳಿದವರು. ನನ್ನನ್ನು ಕರೆಸಿದ್ದೇ ಅದಕ್ಕೆ. ನಾನು ಮುನಿರಾಜುವನ್ನು ಪರೀಕ್ಷಿಸಿದ ಲ್ಯಾಬಿನವನು, ಮೇಲಾಗಿ ಹೆಣ್ಣಿನ ಅಣ್ಣ. ಆಗ ನೀನು ಬಾಗಿಲ ಮರೆಯಿಂದ ಈಚೆ ಬಂದೆ. ಅಷ್ಟು ಗಂಡಸರ ಮುಂದೆ ನೀನು ತಲೆಯೆತ್ತಿ ಮಾತಾಡಿದ್ದು ಅದೇ ಮೊದಲು.

“ನೀನೇ ಕಣ್ಣಾರೆ ನೋಡ್ದೇನಣ್ಣ?”

“ನೋಡ್ದೆ ಕಣವ್ವ. ಜೀವ ಐತೆ.”

ಬೇರೆ ಯಾರು ಹೇಳಿದ್ದರೂ ನೀನು ಜಗಳಕ್ಕೆ ನಿಲ್ಲುತ್ತಿದ್ದೆ. ಹೇಳಿದವನು ನಾನು — ನೀನು ಒಳಗೆ ಹೋಗಿ ಟ್ರಂಕಿಗೆ ಬಟ್ಟೆ ತುಂಬಿದೆ. ರಾಜಾನುಕುಂಟೆಗೆ ಕರೆದೊಯ್ದು ನಿನ್ನನ್ನು ತವರಿಗೆ ಬಿಟ್ಟವನೂ ನಾನೇ. ಯಲಹಂಕದಲ್ಲಿ ಬಸ್ಸು ಬದಲಿಸಲು ಇಳಿದಾಗ ನೀನು ತಲೆ ತಗ್ಗಿಸಿ, ನಿಮ್ಮ ಲ್ಯಾಬಿನಲ್ಲಿ ಹೆಂಗಸರದ್ದೂ ನೋಡುತ್ತಾರಾ ಎಂದು ಕೇಳಿದೆ. ನಿನ್ನೊಳಗೆ ಏನು ಸತ್ತಿದೆ ಎಂದು ತಿಳಿಯಬೇಕಿತ್ತಂತೆ. ಇಲ್ಲ ಎಂದೆ. ಆಗಲಾದರೂ ಹೇಳಬಹುದಿತ್ತು. ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು, ಜಯಾ, ಬೇಕಾದಷ್ಟು ಹೊತ್ತಿತ್ತು.

ಎರಡನೆಯವಳಿಗೂ ಮಕ್ಕಳಾಗಲಿಲ್ಲ. ಆಗಲೂ ನನ್ನ ಮಾತನ್ನು ಯಾರೂ ಪ್ರಶ್ನಿಸಲಿಲ್ಲ. ಮೊದಲನೆಯವಳ ಕಣ್ಣೀರು ತಟ್ಟಿತು ಎಂದರು. ಆ ತಪ್ಪೂ ನಿನ್ನದೇ ಆಯಿತು. ಮುನಿರಾಜು ಕೆಮ್ಮಿ ಕೆಮ್ಮಿ ಶ್ವಾಸಕೋಶ ಕೆಟ್ಟು, ಐವತ್ತು ತುಂಬುವ ಮೊದಲೇ ಹೋದ. ಆಮೇಲೊಮ್ಮೆ ಡಾಕ್ಟರೊಬ್ಬರು ನನಗೆ ಬಿಡಿಸಿ ಹೇಳಿದರು. ಆ ಸಿಲಿಯಾ ರೋಮದೊಳಗೆ ಸುತ್ತ ಒಂಬತ್ತು ಜೋಡಿ ಎಳೆ, ನಡುವೆ ಎರಡು. ಎಳೆಯಿಂದ ಎಳೆಗೆ ಪುಟ್ಟ ತೋಳುಗಳು ಚಾಚಿರುತ್ತವೆ; ತೋಳು ಪಕ್ಕದ ಎಳೆಯನ್ನು ಜಗ್ಗಿದರೆ ರೋಮ ಬಾಗುತ್ತದೆ, ಬೀಸುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಆ ತೋಳುಗಳಿರುವುದಿಲ್ಲ. ಎದೆಯೊಳಗಿನ ರೋಮಗಳು ಕಫವನ್ನು ಮೇಲಕ್ಕೆ ತಳ್ಳುವುದಿಲ್ಲ, ವೀರ್ಯಾಣು ಈಜುವುದಿಲ್ಲ. ನಾನು ಏನೂ ತಿಳಿಯದವನಂತೆ ತಲೆಯಾಡಿಸಿದೆ. ಅಂದು ಕಾರಣ ಗೊತ್ತಿರಲಿಲ್ಲ ಎನ್ನಬಹುದು. ಕಾರಣ ಯಾರಿಗೆ ಬೇಕಿತ್ತು? ಅಲ್ಲಾಡುತ್ತಿಲ್ಲ ಎಂದು ಹೇಳಲು ಕಣ್ಣಿದ್ದರೆ ಸಾಕಿತ್ತು.

ನಿನ್ನ ತಮ್ಮನ ಮಗನನ್ನು ತೊಟ್ಟಿಲಿಗೆ ಹಾಕಿದ ದಿನ ನೀನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನಿನ್ನನ್ನು ಯಾರೂ ತಡೆದಿರಲಿಲ್ಲ. ನಿನ್ನ ನೆರಳು ಮಗುವಿಗೆ ಬೀಳಬಾರದೆಂದು ನೀನೇ ದೂರ ಉಳಿದಿದ್ದೆ. ಅಷ್ಟರಮಟ್ಟಿಗೆ ನನ್ನ ಮಾತನ್ನು ನಂಬಿದ್ದೆಯಲ್ಲ — ನಾನು ಒಳಗೆ ಎಲೆಯ ಮುಂದೆ ಕೂತು ಒಬ್ಬಟ್ಟು ತಿಂದು ಬಂದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಸಲ್ಲದು.

ನಿನಗೆ ಓದು ಬಾರದು. ಇದನ್ನು ನಿನ್ನ ತಮ್ಮನ ಸೊಸೆಯ ಕೈಗೆ ಕೊಡುತ್ತೇನೆ. ತಾಯಿ, ನಿಮ್ಮ ಜಯತ್ತೆಯ ಕಿವಿಗೆ ಮಾತ್ರ ಬೀಳುವ ಹಾಗೆ ಪಿಸುಗುಟ್ಟಬೇಡ. ಮನೆಯವರನ್ನೂ ಅಕ್ಕಪಕ್ಕದವರನ್ನೂ ಕರೆದು ಕೂರಿಸು. ನಾನು ಅಂಗಳದಲ್ಲೇ ನಿಂತಿರುತ್ತೇನೆ. ಜೋರಾಗಿ ಓದು.